ಸಂಘಕ್ಕೆ ಹೆಸರು ಬಂದ ದಿನ

“ನಮ್ಮತ್ತೆಗೆ ಒಂದು ಹಾಸಿಗೆ ಖಾಲಿ ಇದೆಯಾ?”

ಬೆಳಿಗ್ಗೆ ಬಂದ ಈ ಫೋನಿನಿಂದಲೇ ಗ್ರಹಚಾರ ಶುರುವಾಯಿತು. ನಾಟಕ, ಹಾಡು, ಚಿತ್ರಕಲೆ ಕಲಿಸುವ ‘ಸರ್ವಜನ ಕಲಾಭಿವೃದ್ಧಿ ಸಂಘ’ ಹೊಸ ವೆಬ್‌ಸೈಟನ್ನು ಪ್ರಯೋಗಕ್ಕೆಂದು ಬಿಟ್ಟಿತ್ತು. ಅದರಲ್ಲಿ ಸಂಘದ ಹೆಸರು ಮೊಬೈಲಿನ ಅಗಲಕ್ಕೆ ಹಿಡಿಸದೆ ಎರಡು ತುಂಡಾಗಿತ್ತು. ಮೇಲೆ ‘ಸರ್ವಜನ ಕಲಾಭಿ’, ಕೆಳಗೆ ‘ವೃದ್ಧಿ ಸಂಘ’. ಕನ್ನಡಕ ಮರೆತವರಿಗೆ ಅದು ವೃದ್ಧಾಶ್ರಮ.

ಅಧ್ಯಕ್ಷೆ ಆಫೀಸಿನ ಗುಮಾಸ್ತನನ್ನು ಕರೆದರು. ಪ್ರತಿ ನಾಟಕದಲ್ಲೂ ಪರದೆ ಎಳೆಯುವ ಕೆಲಸ ಅವನ ಪಾಲಿಗೇ ಬರುತ್ತಿದ್ದುದರಿಂದ ಎಲ್ಲರಿಗೂ ಅವನು ಪರದೆಯಣ್ಣ.

“ಸಂಜೆ ದಾನಿಗಳು ಬಟನ್ ಒತ್ತಿ ಉದ್ಘಾಟನೆ ಮಾಡೋಕೆ ಬರ್ತಾರೆ. ಅಷ್ಟರಲ್ಲಿ ಚಿಕ್ಕದೊಂದು ಹೆಸರು ಎಲ್ರ ಒಪ್ಪಿಗೆ ತಗೊಂಡು ಹಾಕಿಸ್ಬಿಡು. ಮುಂದಿನ ನಾಟಕದಲ್ಲಿ ರಾಜನ ಪಾರ್ಟು ನಿಂದೇ.”

ಪರದೆಯಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವನು ಸಂಘ ಸೇರಿದ್ದೇ ನಟಿಸಲೆಂದು. ಆದರೆ ದೀಪ ಉರಿಯುವಾಗ ವೇದಿಕೆ ಹತ್ತಿದ್ದು ಕುರ್ಚಿ ಎತ್ತಿಡಲು ಮಾತ್ರ. ದೀಪ ಆರಿದ ಮೇಲೆ ಖಾಲಿ ವೇದಿಕೆಯಲ್ಲಿ ಅವನು ಗೊಣಗುತ್ತಿದ್ದುದು ಏನೆಂದು ಯಾರೂ ಕೇಳಿರಲಿಲ್ಲ.

ಹಾಡಿನ ಮೇಷ್ಟ್ರು ‘ಸ್ವರವರ್ಣ’ ಎಂದರು. ಚಿತ್ರದ ಟೀಚರ್ ಕುಂಚ ಕೆಳಗಿಟ್ಟರು.

“ವರ್ಣ ಯಾಕ್ರೀ ಹಿಂದೆ ನಿಲ್ಬೇಕು? ಅದೇನು ನಿಮ್ಮ ಪಕ್ಕವಾದ್ಯಾನಾ?”

“ಹಾಗಾದ್ರೆ ‘ವರ್ಣಸ್ವರ’?” ಎಂದ ಪರದೆಯಣ್ಣ.

“ಸ್ವರ ಬಾಲ ಅಲ್ಲಾಡಿಸ್ಕೊಂಡು ಹಿಂದೆ ಬರ್ಬೇಕೋ?” ಮೇಷ್ಟ್ರ ದನಿ ತಾರಕಕ್ಕೇರಿತು.

ಮಧ್ಯಾಹ್ನ ಲಾಂಛನವೂ ಜಗಳಕ್ಕೆ ಇಳಿಯಿತು. ಹಾಡುವ ಬಾಯಿಯ ಚಿತ್ರ ಹಲ್ಲಿನ ಡಾಕ್ಟರ ಬೋರ್ಡಿನಂತೆ ಕಂಡಿತು. ಟೀಚರ್ ಹಟ ಹಿಡಿದು ಕುಂಚ ಸೇರಿಸಿದ ಮೇಲೆ ಆ ಬಾಯಿ ಹಲ್ಲುಜ್ಜತೊಡಗಿತು.

ವೆಬ್‌ಸೈಟ್ ಮಾಡುತ್ತಿದ್ದವಳು ಪರದೆಯಣ್ಣನ ನಾದಿನಿ. “ಭಾವ, ಹೆಸರು ಕೊಡ್ತೀರೋ ಇಲ್ವೋ? ಪುಟ ಬೋಳುತಲೆ ಥರ ಕಾಣ್ತಿದೆ. ಜಾಗ ಗೊತ್ತಾಗ್ಲಿ ಅಂತ ಸದ್ಯಕ್ಕೆ ಏನೋ ಬರೆದಿಟ್ಟಿದ್ದೀನಿ.”

“ಸ್ವಲ್ಪ ತಾಳಮ್ಮ,” ಎಂದು ಅವನು ಮತ್ತೆ ಜಗಳ ಬಿಡಿಸಲು ಓಡಿದ.

ಅಷ್ಟರಲ್ಲಿ ದಾನಿಗಳು ಬಂದುಬಿಟ್ಟರು. ಲಿಫ್ಟಿನಲ್ಲೂ ಎಲ್ಲ ಬಟನ್ ಒತ್ತಿ ನೋಡುವ ಕೈ ಅವರದು. “ಇದೇನಾ?” ಎಂದವರೇ ಒತ್ತಿಬಿಟ್ಟರು. ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳು ಬೆಳಗಿದವು:

‘ಇಲ್ಲಿ ಹೆಸರು ಬರುತ್ತೆ.’

ಪರದೆಯಣ್ಣನ ರಾಜ್ಯ ಹೋಯಿತು, ಬಹುಶಃ ಆಫೀಸಿನ ಕುರ್ಚಿಯೂ.

ದಾನಿಗಳು ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಚಪ್ಪಾಳೆ ತಟ್ಟಿದರು. “ಆಹಾ! ಇಲ್ಲಿ ಕಲಿತವರಿಗೆ ಹೆಸರು ಬರುತ್ತೆ! ಸಂಘದ ಹೆಸರು ಅಂದ್ರೆ ಇದು ಕಣ್ರೀ! ಯಾರ ತಲೆ?”

ಮೇಷ್ಟ್ರೂ ಟೀಚರೂ ಒಟ್ಟಿಗೇ ಬಾಯಿ ತೆರೆದರು. ಅಧ್ಯಕ್ಷೆ ಪರದೆಯಣ್ಣನನ್ನು ಮುಂದಕ್ಕೆ ತಳ್ಳಿದರು. “ಇವನದೇ ಸಾರ್. ಅದಕ್ಕೇ ಮುಂದಿನ ನಾಟಕದಲ್ಲಿ ಇವನಿಗೆ ರಾಜನ...”

“ರಾಜನ ಪಾರ್ಟಾ?” ದಾನಿಗಳ ಕಣ್ಣು ತುಂಬಿ ಬಂತು. “ಚಿಕ್ಕಂದಿನಿಂದ ನಂಗದೇ ಆಸೆ ಕಣಮ್ಮ. ಎಷ್ಟು ದಾನ ಮಾಡಿದ್ರೂ ನಂಗೆ ಹೆಸರು ಬರ್ಲಿಲ್ಲ. ಇವತ್ತು ನೀವೇ ಗೋಡೆ ಮೇಲೆ ಬರೆದು ಕರೀತಿದ್ದೀರಿ. ಆ ಪಾರ್ಟು ನಾನೇ ಮಾಡ್ತೀನಿ.”

ಅಧ್ಯಕ್ಷೆ ಒಮ್ಮೆ ಪರದೆಯಣ್ಣನನ್ನು ನೋಡಿದರು, ಒಮ್ಮೆ ಸೋರುವ ಚಾವಣಿಯನ್ನು.

“ನಮ್ಮ ಭಾಗ್ಯ ಸಾರ್.”

“ಆದ್ರೆ ನಂಗೆ ಮಾತು ನೆನಪಿರಲ್ಲ.” ದಾನಿಗಳು ಪರದೆಯಣ್ಣನ ಹೆಗಲ ಮೇಲೆ ಕೈ ಹಾಕಿದರು. “ನೀನು ಪೂರ್ತಿ ಕಲ್ತು ಪಕ್ಕದಲ್ಲಿ ನಿಂತು ಹೇಳ್ಕೊಡ್ತೀಯೇನಪ್ಪ? ಕಲಿಯೋಕೆ ಎಷ್ಟು ದಿನ ಬೇಕು?”

“ಒಂದು ದಿನಾನೂ ಬೇಡ ಸಾರ್,” ಎಂದ ಪರದೆಯಣ್ಣ. “ನಂಗೆ ಆಗ್ಲೇ ಬಾಯಿಪಾಠ ಆಗಿದೆ.”