ಕಿಟಕಿಯ ಬೆವರು

ಚಳಿ ಶುರುವಾದಾಗಿನಿಂದ ಹೂಂಗುಟ್ಟಪ್ಪನ ಮನೆಯ ಕಿಟಕಿಗಳು ಬೆಳಗಾದರೆ ಸಾಕು, ಮೊದಲ ದಿನ ಶಾಲೆಗೆ ಬಿಟ್ಟ ಮಕ್ಕಳ ಹಾಗೆ ಅಳತೊಡಗುತ್ತಿದ್ದವು. ಗಾಜಿನ ಒಳಮೈಯೆಲ್ಲ ಮಂಜು ಹಿಡಿದು ಹನಿಯಾಗಿ, ಹನಿ ಸೇರಿ ಧಾರೆಯಾಗಿ, ಕೆಳಗಿಳಿದು ಮರದ ಚೌಕಟ್ಟಿನಲ್ಲಿ ನಿಲ್ಲುತ್ತಿತ್ತು. ಮೂಲೆಗಳಲ್ಲಿ ಕಪ್ಪು ಬೂಷ್ಟು. ಹೆಂಡತಿ ಆಸ್ಪತ್ರೆಯಲ್ಲಿ ಹೆಡ್ ನರ್ಸ್. ಆ ಬೂಷ್ಟನ್ನು ಕಂಡಾಗಲೆಲ್ಲ ಮಾಯದ ಗಾಯ ಕಂಡವಳ ಹಾಗೆ ಮುಖ ಸಿಂಡರಿಸುತ್ತಿದ್ದಳು.

ಅವನಿಗೆ ಬೇರೆ ಹೆಸರೇನೋ ಇತ್ತು. ಆದರೆ ಅಂಚೆ ಕಚೇರಿಯ ಕೌಂಟರಿನಲ್ಲಿ ಯಾರು ಏನೇ ಹೇಳಿದರೂ "ಹೂಂ" ಅಂದು ಅಂದು, ಆ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದಿತ್ತು. ಆ ದಿನ ಅವನ ವಾರದ ರಜೆ. ಹೆಂಡತಿ ಡ್ಯೂಟಿಗೆ ಹೋಗಿ ಅರ್ಧ ಗಂಟೆಯಾಗಿರಲಿಲ್ಲ, ಫೋನ್ ಬಂತು. ಮನೆ ಮಾಲೀಕರು!

"ಸಂಜೆ ಐದಕ್ಕೆ ಬರ್ತೀನಿ. ನಿಮ್ಮ ಕಿಟಕಿ ನೋಡಬೇಕು."

"ಹೂಂ," ಅಂದ ಹೂಂಗುಟ್ಟಪ್ಪ. ಆ ಕಡೆಯಿಂದ ಫೋನ್ ಕಟ್ಟಾಯಿತು.

ಮಾಲೀಕರು ಸಾಮಾನ್ಯ ಆಸಾಮಿಯಲ್ಲ. ಹೋದ ವರ್ಷ ಗೋಡೆಗೆ ಎರಡು ಮೊಳೆ ಹೊಡೆದ ತಪ್ಪಿಗೆ ಮೇಲಿನ ಮಹಡಿಯ ಒಂದು ಸಂಸಾರವನ್ನೇ ಖಾಲಿ ಮಾಡಿಸಿದವರು. ಎರಡು ಮೊಳೆಗೇ ಆ ಗತಿಯಾದರೆ ನಾಲ್ಕು ಕಿಟಕಿ ತುಂಬ ಬೂಷ್ಟಿಗೆ? ಹೆಂಡತಿಗೆ ಫೋನ್ ಮಾಡಿದ. ಡ್ಯೂಟಿ ಮುಗಿಯುವವರೆಗೆ ಅವಳ ಫೋನ್ ಲಾಕರಿನಲ್ಲಿ ಬೀಗ ಹಾಕಿಕೊಂಡಿರುತ್ತದೆಂಬುದು ಆಮೇಲೆ ನೆನಪಾಯಿತು.

ಟವೆಲ್ ತಂದು ಒರೆಸಿದ. ಹಿಂಡಿದ. ಮತ್ತೆ ಒರೆಸಿದ. ನಾಲ್ಕನೇ ಕಿಟಕಿ ಮುಗಿಸುವ ಹೊತ್ತಿಗೆ ಮೊದಲನೆಯದು ಮತ್ತೆ ಕಣ್ಣು ತುಂಬಿಕೊಂಡಿತ್ತು. ಬೇರೆ ದಾರಿ ಕಾಣದೆ ಎದುರು ಮನೆಯ ಬಾಗಿಲು ತಟ್ಟಿದ.

ಅಲ್ಲಿದ್ದವರು ನಿವೃತ್ತ ಭೂಗೋಳದ ಮೇಷ್ಟ್ರು. ಪಾಠ ಕೇಳುವವರಿಲ್ಲದೆ ಹನ್ನೊಂದು ವರ್ಷದಿಂದ ಹಸಿದಿದ್ದರು. ಕೋಲು ಹಿಡಿದೇ ಬಂದರು.

"ಬಿಸಿ ಗಾಳಿಯಲ್ಲಿ ನೀರಿನ ಆವಿ ಇರುತ್ತೆ. ತಣ್ಣಗಿರೋ ಗಾಜು ಮುಟ್ಟಿದ ತಕ್ಷಣ ಆ ಆವಿ ಹನಿ ಆಗುತ್ತೆ. ಅರ್ಥ ಆಯ್ತಾ?"

"ಹೂಂ."

"ಈಗ ಆವಿ ಎಲ್ಲಿಂದ ಬರ್ತಿದೆ ಹುಡುಕೋಣ. ಏನಿದು?" ಕೋಲು ನಡುಮನೆಯಲ್ಲಿ ಉದ್ದಕ್ಕೆ ಕಟ್ಟಿದ್ದ ಹಗ್ಗವನ್ನು ತೋರಿಸಿತು.

"ಒಗೆದ ಬಟ್ಟೆ, ಮೇಷ್ಟ್ರೇ."

"ಬಟ್ಟೆ ಅಲ್ಲರೀ, ಕೆರೆ! ಕೆರೇನ ನೇತು ಹಾಕಿದೀರಿ! ಅದೇನು?"

"ತರಕಾರಿ ಬೇಯ್ತಿದೆ."

"ಮುಚ್ಚಳ ಎಲ್ಲಿ? ಸ್ನಾನದ ಮನೆ ಬಾಗಿಲು ಯಾಕೆ ತೆರೆದಿದೆ? ಈ ದಪ್ಪ ಪರದೆ ಗಾಜಿಗೆ ಅಂಟಿಕೊಂಡಿದ್ರೆ ಗಾಳಿ ಆಡೋದು ಹೇಗೆ?"

ಹತ್ತೇ ನಿಮಿಷದಲ್ಲಿ ಬಟ್ಟೆಯೆಲ್ಲ ಮಹಡಿಯ ಮೇಲಿನ ತಂತಿಗೆ ಹೋಯಿತು, ಪಾತ್ರೆಗೆ ಮುಚ್ಚಳ ಬಂತು, ಪರದೆ ಪಕ್ಕಕ್ಕೆ ಸರಿಯಿತು. ಆದರೂ ಮೇಷ್ಟ್ರಿಗೆ ತೃಪ್ತಿಯಿಲ್ಲ. ಹೂಂಗುಟ್ಟಪ್ಪನನ್ನೇ ದಿಟ್ಟಿಸಿ ನೋಡಿ, "ನೀವು ಬಿಡೋ ಉಸಿರಲ್ಲೂ ನೀರಿದೆ," ಅಂದರು. "ಐದು ಗಂಟೆವರೆಗೆ ಸ್ವಲ್ಪ ಕಮ್ಮಿ ಉಸಿರಾಡಿ."

"ಹೂಂ," ಅಂದು ಹೂಂಗುಟ್ಟಪ್ಪ ಬಾಯಿ ಮುಚ್ಚಿಕೊಂಡ.

ಮಹಡಿಗೆ ಬಟ್ಟೆ ಹೊತ್ತು ಓಡಾಡಿದ್ದು, ಕೆಳಗೆ ಮುಂದೆ ಅಂಗಡಿ ಹಿಂದೆ ಮನೆ ಮಾಡಿಕೊಂಡಿದ್ದ ಕಟಿಂಗ್ ಅಂಗಡಿಯವನ ಕಿವಿಗೆ ಬಿತ್ತು. ಗಿರಾಕಿಯಿಲ್ಲದ ಹೊತ್ತು ಬೇರೆ. ಬಟ್ಟಲು, ಬ್ರಶ್ಶು ಹಿಡಿದು ಮೇಲೆ ಬಂದೇ ಬಿಟ್ಟ.

"ಭೂಗೋಳ ಎಲ್ಲ ಪುಸ್ತಕದಲ್ಲಿ ಇರಲಿ ಮೇಷ್ಟ್ರೇ. ನಮ್ಮ ಅಂಗಡಿ ಕನ್ನಡಿ ಒಂದು ದಿನಾನಾದ್ರೂ ಬೆವರಿದ್ದು ನೋಡಿದೀರಾ? ಶೇವಿಂಗ್ ನೊರೆ ಹಚ್ಚೋದು, ಒಣಬಟ್ಟೇಲಿ ಉಜ್ಜೋದು, ಅಷ್ಟೇ. ಆಮೇಲೆ ಮುಂದೆ ನಿಂತು ಊದಿದ್ರೂ ಮಂಜು ಕೂರಲ್ಲ."

ನಡುಮನೆಯ ದೊಡ್ಡ ಕಿಟಕಿಯ ಮುಂದೆ ನಿಂತು ತಲೆ ವಾಲಿಸಿ ಅಳತೆ ನೋಡಿದ. ಕೆನ್ನೆಗೆ ಹಚ್ಚುವ ಹಾಗೆ ದುಂಡಗೆ ನೊರೆ ಹಚ್ಚತೊಡಗಿದ. ಅಭ್ಯಾಸ ಬಲ, "ಮೀಸೆ ಉಳಿಸ್ಲಾ?" ಎಂದೂ ಕೇಳಿದ. ಒಂದು, ಎರಡು, ಮೂರು ಕಿಟಕಿ ಆಯಿತು. ಮಲಗುವ ಕೋಣೆಗೆ ಬರುವಷ್ಟರಲ್ಲಿ ನೊರೆ ಖಾಲಿ. ಅಷ್ಟರಲ್ಲಿ ಕೆಳಗಿನಿಂದ ಗಿರಾಕಿಯೊಬ್ಬ ಕೂಗಿದ್ದಕ್ಕೆ, "ಉಜ್ಜೋದು ನಿಮ್ಮ ಕೆಲಸ," ಅಂದು ಇಳಿದು ಹೋದ.

ಹೂಂಗುಟ್ಟಪ್ಪ ಉಜ್ಜಿದ. ರಟ್ಟೆ ಸೋತು ಜೋತುಬೀಳುವವರೆಗೆ ಉಜ್ಜಿದ. ಅಂಗಿಯೆಲ್ಲ ನೊರೆಯಾಯಿತೆಂದು ಅದನ್ನು ಬಿಚ್ಚಿ ಬನಿಯನ್ನಿನಲ್ಲೇ ಉಜ್ಜಿದ. ಆಗ ಮೇಲಿನ ಮನೆಯ ಅಜ್ಜಿ ನಾಲ್ಕು ಬಟ್ಟಲು ಕಲ್ಲುಪ್ಪು ತಂದಿಟ್ಟಳು.

"ಕಿಟಕಿ ಕಿಟಕಿಗೆ ಒಂದೊಂದು ಇಡಪ್ಪ. ಉಪ್ಪು ನೀರು ಕುಡಿಯುತ್ತೆ. ಜೊತೆಗೆ ಎಲ್ಲ ಕಿಟಕೀನೂ ಒಂದು ಗಳಿಗೆ ಪೂರ್ತಿ ತೆರೆದಿಡು. ಒಳಗಿನ ಹಬೆ ಹೊರಗೆ ಹೋಗ್ಲಿ."

"ಹೂಂ ಅಜ್ಜಿ."

ಬಟ್ಟಲುಗಳನ್ನಿಟ್ಟು, ಕಿಟಕಿಗಳನ್ನೆಲ್ಲ ತೆರೆದು, ಅಜ್ಜಿಯನ್ನು ಮೆಟ್ಟಿಲಿನವರೆಗೆ ಬಿಟ್ಟು ಬರೋಣವೆಂದು ಹೊರಗೆ ಕಾಲಿಟ್ಟನಷ್ಟೆ. ಆ ಕಡೆಯ ಕಿಟಕಿಯಿಂದ ನುಗ್ಗಿದ ಗಾಳಿ ಈ ಕಡೆಯ ಬಾಗಿಲನ್ನು ಧಡಾರೆಂದು ಮುಚ್ಚಿತು. ಬೀಗ ತಾನಾಗಿ ಬಿದ್ದುಕೊಳ್ಳುವ ಜಾತಿಯದು. ಕೀಲಿ ಒಳಗೆ, ಅಂಗಿ ಒಳಗೆ, ಹೂಂಗುಟ್ಟಪ್ಪ ಹೊರಗೆ.

ಇನ್ನೊಂದು ಕೀಲಿ ಇದ್ದದ್ದು ಹೆಂಡತಿಯ ಪರ್ಸಿನಲ್ಲಿ. ಅವನು ಮೇಷ್ಟ್ರ ಶಾಲು ಹೊದ್ದು, ಮೆಟ್ಟಿಲ ಮೇಲೆ ಮುದುಡಿ ಕೂತ. ಚಳಿಗೆ ಹಲ್ಲು ಕಟಕಟ ಅನ್ನುತ್ತಿದ್ದವು. ಮೇಷ್ಟ್ರು ಪಕ್ಕದಲ್ಲಿ ಕೂತು, ಇದೇ ಸಮಯವೆಂದು ಬೀಸುವ ಗಾಳಿಯ ಪಾಠ ತೆಗೆದರು. ಕೊನೆಗೆ ಕಟಿಂಗ್ ಅಂಗಡಿಯವನು ಏಣಿ ತಂದು ಹಿಂಬದಿಯ ಕಿಟಕಿಗೆ ಆನಿಸಿದಾಗ ಗಂಟೆ ನಾಲ್ಕೂವರೆ. ಹೂಂಗುಟ್ಟಪ್ಪ ಏಣಿ ಹತ್ತಿ, ಹೊಟ್ಟೆ ಎಳೆದುಕೊಂಡು ತನ್ನ ಮನೆಗೇ ಕಳ್ಳನ ಹಾಗೆ ನುಗ್ಗಿದ. ಒಂದು ಬಟ್ಟಲು ಉಪ್ಪನ್ನು ತಲೆಯ ಮೇಲೆ ಸುರಿದುಕೊಂಡೇ ಒಳಗೆ ಬಿದ್ದ.

ಎದ್ದು ನೋಡಿದರೆ ಕಣ್ಣನ್ನೇ ನಂಬಲಾಗಲಿಲ್ಲ. ಮೂರು ಗಂಟೆ ಗಾಳಿಯಾಡಿದ ಮನೆ ಹಪ್ಪಳದ ಹಾಗೆ ಒಣಗಿತ್ತು. ಚೌಕಟ್ಟಿನಲ್ಲಿ ಪಸೆಯಿಲ್ಲ. ಗಾಜು ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಬೇಕು, ಅಷ್ಟು ತಿಳಿ. ಮೂಲೆಯ ಬೂಷ್ಟನ್ನು ಹಳೆಯ ಟೂತ್‌ಬ್ರಶ್ಶಿನಿಂದ ತಿಕ್ಕಿ ತೆಗೆದು ಕಿಟಕಿ ಮುಚ್ಚಿದ. ಬಾಗಿಲು ತೆರೆದು ಮೂವರನ್ನೂ ಒಳಗೆ ಕರೆದ.

"ಭೂಗೋಳ!" ಅಂದರು ಮೇಷ್ಟ್ರು.

"ನೊರೆ!" ಅಂದ ಕಟಿಂಗ್ ಅಂಗಡಿಯವನು.

"ಉಪ್ಪು ಕಣ್ರೋ," ಅಂದಳು ಅಜ್ಜಿ.

ಐದಕ್ಕೆ ಸರಿಯಾಗಿ ಬಾಗಿಲ ಬೀಗ ತಿರುಗಿತು. ಮುಂದೆ ಹೆಂಡತಿ, ಅವಳ ಹಿಂದೆ ಮಾಲೀಕರು, ಅವರ ಹಿಂದೆ ಅಳತೆ ಟೇಪು ಹಿಡಿದ ಗಾಜಿನ ಕೆಲಸದವನು. ಹೆಂಡತಿಯ ಮುಖದಲ್ಲಿ ಎಂದೂ ಕಾಣದ ಗೆಲುವಿತ್ತು.

"ನೋಡಿ ಸಾರ್, ನಿಮ್ಮ ಕಣ್ಣಾರೆ ನೋಡಿ," ಎಂದು ಅವಳು ಕಿಟಕಿಯ ಕಡೆ ಕೈ ಚಾಚಿದಳು. ಚಾಚಿದ ಕೈ ಹಾಗೇ ನಿಂತಿತು.

ಮಾಲೀಕರು ಗಾಜಿನ ಮೇಲೆ ಬೆರಳೆಳೆದರು. ಕೀಚ್ ಎಂದಿತು. ಬೆರಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು. "ಎಲ್ಲಮ್ಮಾ ನೀರು?"

"ಒಂದು ಹನಿಯೂ ಇಲ್ಲ ಸಾರ್!" ಹೂಂಗುಟ್ಟಪ್ಪ ಎದೆಯುಬ್ಬಿಸಿ ಮುಂದೆ ಬಂದ. "ನಮ್ಮನೇಲಿ ಆ ತೊಂದರೇನೇ ಇಲ್ಲ."

ಹೆಂಡತಿ ಕಣ್ಣು ದೊಡ್ಡದು ಮಾಡಿದಳು. ಮೆಚ್ಚಿಕೊಂಡಳೆಂದು ತಿಳಿದು ಅವನು ಇನ್ನೂ ಜೋರಾಗಿ ಹೇಳಿದ: "ಬೇಕಾದ್ರೆ ಅಕ್ಕಪಕ್ಕದವರನ್ನ ಕೇಳಿ."

"ಹೌದು ಸಾಹೇಬ್ರೆ, ಕನ್ನಡಿ ಇದ್ದ ಹಾಗಿದೆ," ಎಂದಿತು ಬಾಗಿಲಲ್ಲಿ ನಿಂತಿದ್ದ ಅಕ್ಕಪಕ್ಕ.

ಗಾಜಿನ ಕೆಲಸದವನು ಟೇಪನ್ನು ಸುತ್ತಿಕೊಂಡ. "ಹಾಗಾದ್ರೆ ಎರಡು ಪದರದ ಗಾಜು ಬೇಡ್ವಾ ಯಜಮಾನ್ರೆ?"

"ಯಾತಕ್ಕೆ?" ಅಂದರು ಮಾಲೀಕರು. "ಕಿಟಕಿ ಬೆವರಿ ಮನೆ ಹಾಳಾಗ್ತಿದೆ ಅಂತ ಈಯಮ್ಮ ಮೂರು ಕಾಗದ ಬರೆದ್ರು. ಹೋಗ್ಲಿ ಪಾಪ, ಇಲ್ಲಿಂದ ಶುರು ಮಾಡಿ ಎಂಟೂ ಮನೆ ಕಿಟಕಿ ಹೊಸದು ಹಾಕಿಸೋಣ ಅಂತ ಬಂದೆ. ಒಳ್ಳೇ ಕೆಲಸ ಆಯ್ತು, ಈ ಮಹಾನುಭಾವರು ಸತ್ಯ ಹೇಳಿದ್ರು."

"ಎಂಟೂ ಮನೆಗೆ?" ಎಂದು ಕಟಿಂಗ್ ಅಂಗಡಿಯವನು ಪಿಸುಗುಟ್ಟಿದ.

"ಸಾರ್, ಬೆವರುತ್ತೆ! ನಿಜವಾಗ್ಲೂ ಬೆವರುತ್ತೆ!" ಎಂದು ಮೇಷ್ಟ್ರು ಕೋಲು ಬಿಸಾಕಿ ಗಾಜಿನ ಮೇಲೆ ಹಾ ಎಂದು ಬಿಸಿಯುಸಿರು ಬಿಟ್ಟರು. ಅಜ್ಜಿಯೂ ಹಾ ಎಂದಳು. ಹೂಂಗುಟ್ಟಪ್ಪ ಬೆಳಗಿನಿಂದ ಉಳಿಸಿದ್ದ ಉಸಿರನ್ನೆಲ್ಲ ಒಮ್ಮೆಗೇ ಬಿಟ್ಟ. ಗಾಜಿನ ಮೇಲೆ ಎಳ್ಳಷ್ಟೂ ಮಂಜು ಕೂರಲಿಲ್ಲ. ಕಟಿಂಗ್ ಅಂಗಡಿಯವನ ನೊರೆ ಅಷ್ಟು ಗಟ್ಟಿ.

ಕಿಟಕಿಗೆ ಮುಖವಿಟ್ಟು ಹಾ ಹಾ ಎನ್ನುತ್ತಿದ್ದವರನ್ನು ಮಾಲೀಕರು ಒಂದು ನಿಮಿಷ ನೋಡಿ ಬಾಗಿಲ ಕಡೆ ಸರಿದರು. "ಬೇರೆ ಮನೆಯವರಿಗೂ ಇವರೇ ಹೇಳಿಕೊಡ್ಲಿ. ಇನ್ನು ಕಿಟಕಿ ವಿಷಯಕ್ಕೆ ಯಾರೂ ಕಾಗದ ಬರೀಬೇಡಿ," ಅಂದು ಇಳಿದು ಹೋದರು.

"ನನಗೊಂದು ಮಾತು ಹೇಳಬಾರದಿತ್ತಾ?" ಎಂದ ಹೂಂಗುಟ್ಟಪ್ಪ, ಎಲ್ಲರೂ ಹೋದ ಮೇಲೆ.

"ಹೇಳಿದ್ರೆ ಹೆದರ್ತೀರಿ ಅಂತ ಹೇಳಲಿಲ್ಲ," ಎಂದಳು ಹೆಂಡತಿ. ಅದೇ ಕೊನೆ. ಆಮೇಲೆ ಅವಳು ಮಾತು ಬಿಟ್ಟಳು.

ಮರುದಿನ ಬೆಳಿಗ್ಗೆ ಆರಕ್ಕೆ ಬಾಗಿಲು ಬಡಿದ ಸದ್ದು. ಮೇಷ್ಟ್ರು, ಕಟಿಂಗ್ ಅಂಗಡಿಯವನು, ಅಜ್ಜಿ, ಅವರ ಹಿಂದೆ ಅವನು ಮುಖವನ್ನಷ್ಟೇ ಕಂಡಿದ್ದ ಇನ್ನೂ ನಾಲ್ಕು ಮನೆಯವರು. ಎಲ್ಲರ ಕೈಯಲ್ಲೂ ಒಂದೊಂದು ಟವೆಲ್.

"ಮಾಲೀಕರು ಹೇಳಿದಾರಲ್ಲ, ಬನ್ನಿ," ಅಂದರು ಮೇಷ್ಟ್ರು.

ಏಳು ಮನೆಯ ಇಪ್ಪತ್ತೆಂಟು ಕಿಟಕಿ ಒರೆಸಿ, ಉಜ್ಜಿ, ಹೂಂಗುಟ್ಟಪ್ಪ ಸೊಂಟ ಹಿಡಿದುಕೊಂಡು ವಾಪಸ್ಸು ಬಂದಾಗ ಹೆಂಡತಿ ಡ್ಯೂಟಿಗೆ ಹೋಗಿಯಾಗಿತ್ತು. ಕಚೇರಿಗೆ ಇನ್ನು ಹತ್ತೇ ನಿಮಿಷ. ಅಂಗಿ ಬದಲಿಸಲು ಮಲಗುವ ಕೋಣೆಗೆ ಹೋದ. ನೊರೆ ಕಾಣದ ಅಲ್ಲಿನ ಗಾಜು ಮಂಜು ಹಿಡಿದು ಬೆಳ್ಳಗಾಗಿತ್ತು. ಅದರ ಮೇಲೆ ಹೆಂಡತಿಯ ಬೆರಳಿನ ದುಂಡು ಅಕ್ಷರ, ಒಂದೊಂದರ ಬುಡದಿಂದಲೂ ನೀರಿಳಿಯುತ್ತಿತ್ತು:

"ನಮ್ಮದು ಬಾಕಿ ಇದೆ."