ನಮ್ಮ ಮದುವೆಯನ್ನು ಹಿಂದಕ್ಕೆ ತಿರುಗಿಸಿದ ಆಲ್ಬಂಗೆ

ಮಾನ್ಯರೇ,

ಡ್ರಮ್ ಅಂಡ್ ಬೇಸ್ ಸಂಗೀತದ ಸರ್ವಶ್ರೇಷ್ಠ ಸಂಕಲನವೆಂದು ತಮ್ಮ ಬೆನ್ನ ಮೇಲೆ ತಾವೇ ಅಚ್ಚು ಹಾಕಿಸಿಕೊಂಡಿರುವ, ನಾಲ್ಕು ಕಪ್ಪು ವಿನೈಲ್ ರೆಕಾರ್ಡುಗಳ ಭಾರೀ ಶರೀರದ, ‘ನೆಲಮಾಳಿಗೆಯ ದಿನಗಳು’ ಎಂಬ ನಾಮಧೇಯದ ತಮ್ಮ ಸನ್ನಿಧಿಗೆ ಬ್ರಿಸ್ಟಲ್ ನಗರದ ಈಸ್ಟನ್ ಬಡಾವಣೆಯಿಂದ, ಅಂದರೆ ತಾವು ಬೀಡುಬಿಟ್ಟಿರುವ ಮನೆಯ ಅಡುಗೆಕೋಣೆಯಿಂದಲೇ, ಇವೆಟ್ ಲಿಂಡೋ ಮಾಡುವ ಅನಂತ ವಂದನೆಗಳು. ನಾನು ಕ್ಷೇಮವಾಗಿಲ್ಲ. ತಾವು ಕ್ಷೇಮವಾಗಿರುವುದು ನನಗೂ, ಗೋಡೆಯಾಚೆಯ ಮನೆಯವರಿಗೂ, ಕಪಾಟಿನ ಗಾಜಿನ ಲೋಟಗಳಿಗೂ ದಿನವೂ ತಿಳಿದುಬರುತ್ತಿದೆ. ಒಂದೇ ಸೂರಿನಡಿ ಇದ್ದುಕೊಂಡು ಬಹಿರಂಗ ಪತ್ರವೇಕೆಂದು ತಾವು ಕೇಳಬಹುದು. ಎದುರುಬದುರು ಕೂತು ಮಾತಾಡೋಣವೆಂದರೆ, ತಾವು ಬಾಯಿ ತೆರೆದ ಮೇಲೆ ಬೇರೆಯವರ ಮಾತು ಯಾರ ಕಿವಿಗೂ ಬೀಳುವುದಿಲ್ಲ.

ಮೊದಲು ತಮ್ಮ ಗುಣಗಾನ. ಮೇಲೆ ತಾಳವು, ತಪ್ಪಿಹೋಗುತ್ತಿರುವ ಬಸ್ಸಿನ ಹಿಂದೆ ಓಡುತ್ತಿದ್ದರೆ, ಕೆಳಗೆ ಬೇಸು ಎಂಬ ಮಂದ್ರದನಿ ಭಾನುವಾರದ ಊಟ ಮುಗಿಸಿದವರ ಹಾಗೆ ಆರಾಮಾಗಿ ನಡೆದು ಬರುವ ಈ ಸಂಗೀತಕ್ಕೆ ನಾನೂ ಹರೆಯದಲ್ಲಿ ಚಪ್ಪಲಿ ಸವೆಯುವಷ್ಟು ಕುಣಿದವಳೇ; ಈಗ ಐವತ್ತು ದಾಟಿದ ಮೇಲೆ ನಾವೆಲ್ಲ ಮಂಡಿ ಹಿಡಿದುಕೊಂಡು ಕುಣಿಯುತ್ತೇವೆ. ಆ ಕಾಲದಲ್ಲಿ ಕಾರ್ಲ್ಟನ್ ಪಿನ್ನಕ್, ಅಂದರೆ ಮಕ್ಕಳಿಬ್ಬರು ದೊಡ್ಡವರಾಗುವವರೆಗೂ ಮದುವೆಯ ಮಾತೆತ್ತದೆ ನನ್ನೊಡನೆ ಸಂಸಾರ ಮಾಡಿದ ಮಹಾನುಭಾವ, ಮಲಗುವ ಕೋಣೆಯಲ್ಲಿ ಕೂತು ಕಟ್ಟಿದ ಒಂದೇ ಒಂದು ಹಾಡನ್ನು ತಾವು ಎಲ್ಲಿಂದಲೋ ಹುಡುಕಿ ತೆಗೆದು ತಮ್ಮ ಮೂರನೆಯ ರೆಕಾರ್ಡಿನಲ್ಲಿ ಕೂರಿಸಿಕೊಂಡಿರುವುದು ತಮ್ಮ ದೊಡ್ಡ ಮನಸ್ಸು. ತಾವು ಬಂದ ದಿನದಿಂದ ನಮ್ಮ ಮನೆಯ ಒಳ್ಳೆಯ ಕುರ್ಚಿ ತಮ್ಮದಾಯಿತು. ಎರಡು ಹಾಡಿಗೊಮ್ಮೆ ತಮ್ಮ ಮಗ್ಗುಲು ಬದಲಿಸಲು ಅವನು ಥಟ್ಟನೆ ಏಳುವ ಚುರುಕನ್ನು ಬಾಗಿಲು ಬಡಿದವರಿಗೆ ಎಂದೂ ತೋರಿಸಿದವನಲ್ಲ. ನಾನು ತಮ್ಮ ಹತ್ತಿರ ಸುಳಿದರೆ “ಕೈ ತೊಳ್ಕೊಂಡ್ಯಾ ಇವೆಟ್?” ಎಂದು ಕೇಳುತ್ತಾನೆ, ಹಸುಗೂಸುಗಳನ್ನು ಎತ್ತಿಕೊಳ್ಳುವಾಗಲೂ ಅವನು ಈ ಮಾತು ಕೇಳಿರಲಿಲ್ಲ.

ಇದನ್ನೆಲ್ಲ ಸಹಿಸಿಕೊಂಡೆ. ನನ್ನ ದೂರು ಬೇರೆ ಇದೆ. ತಮ್ಮ ಕುಲದಲ್ಲಿ ಒಂದು ಸಂಪ್ರದಾಯವುಂಟು: ಹಾಡು ಇನ್ನೇನು ರುಚಿ ಹತ್ತಿತು ಎನ್ನುವಷ್ಟರಲ್ಲಿ ಜನ ಗೋಡೆ, ಮೇಜು, ಕೈಗೆ ಸಿಕ್ಕಿದ್ದನ್ನೆಲ್ಲ ಬಡಿದು “ರಿವೈಂಡ್!” ಎಂದು ಕೂಗುತ್ತಾರೆ, ರೆಕಾರ್ಡಿನ ಮೇಲೆ ಕೈಯಿಟ್ಟು ಅದನ್ನು ಹಿಂದಕ್ಕೆ ಎಳೆದು ಮೊದಲಿನಿಂದ ಹಾಕಬೇಕು. ಚೆನ್ನಾಗಿದ್ದುದನ್ನು ಚೆನ್ನಾಗಿರುವಾಗಲೇ ನಿಲ್ಲಿಸುವುದು ಹೊಗಳಿಕೆಯೆಂದು ತಿಳಿದಿರುವ ಜನ ಭೂಮಿಯ ಮೇಲೆ ನಾವೊಬ್ಬರೇ ಇರಬೇಕು. ಹರೆಯದಲ್ಲಿ ನಾವು ಕುಣಿಯುತ್ತಿದ್ದ ನೆಲಮಾಳಿಗೆಯಲ್ಲಿ ಇದು ಬಲು ಸೊಗಸು. ಮದುವೆಯಲ್ಲಿ ಹೇಗಿರುತ್ತದೆ ಎಂಬುದನ್ನು ಕಳೆದ ಶನಿವಾರ ತಮ್ಮ ಕೃಪೆಯಿಂದ ಕಂಡೆ.

ನಾನು ತನ್ನ ಆ ಒಂದು ಹಾಡಿಗೇ ನಡೆದು ಬರಬೇಕೆಂಬುದು ಕಾರ್ಲ್ಟನ್‌ನ ಹಟ. ನೋಂದಣಿ ಕಚೇರಿಯ ಮದುವೆಯಲ್ಲಿ ದೇವರ ಹೆಸರಿರುವ ಸಂಗೀತ ಸಲ್ಲದಾದ್ದರಿಂದ ಅಧಿಕಾರಿ ಶ್ರೀಮತಿ ಹಾರ್ಡ್‌ವಿಕ್ ಪೆನ್ಸಿಲ್ ಹಿಡಿದು ಇಡೀ ಹಾಡನ್ನು ಪರಿಶೀಲಿಸಿ, “ಇದ್ರಲ್ಲಿ ದೇವರೂ ಇಲ್ಲ, ಮನುಷ್ಯರೂ ಇಲ್ಲ, ಧಾರಾಳವಾಗಿ ಹಾಕ್ಕೊಳ್ಳಿ” ಎಂದು ಒಪ್ಪಿಗೆ ಕೊಟ್ಟರು. ತಮ್ಮನ್ನು ತಿರುಗಿಸುವ ಹೊಣೆ ಕಾರ್ಲ್ಟನ್‌ನ ಹಳೆಯ ಗೆಳೆಯ ಗ್ಲೆನ್‌ನದು. ಈ ಮದುವೆಗಾಗಿಯೇ ಜಮೈಕಾದಿಂದ ಬಂದಿದ್ದ ನನ್ನ ಅಮ್ಮ ಐಸಿಲ್ಡಾ, ನೇರಳೆ ಟೋಪಿ ಧರಿಸಿ, ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈಯಲ್ಲಿ ನನ್ನ ತೋಳು ಹಿಡಿದು ಬಾಗಿಲು ದಾಟಿದರು. ಹಾಡು ರುಚಿ ಹತ್ತುವ ಜಾಗ ಬಂದು ಬೇಸು ಇಳಿಯಿತು. ನಮ್ಮ ಹಳೇ ಕುಣಿತದ ಗುಂಪು ಕುರ್ಚಿಗಳನ್ನು ಬಡಿಯಿತು. ಗ್ಲೆನ್ ತಮ್ಮನ್ನು ಹಿಂದಕ್ಕೆ ಎಳೆದ. ಹಾಡು ಮೊದಲಿಗೆ ಹೋಯಿತೆಂದ ಮೇಲೆ ವಧುವೂ ಬಾಗಿಲಿಗೆ ಹೋಗಲೇಬೇಕು. ಮತ್ತೆ ಬಂದೆವು, ಮತ್ತೆ ಕಳುಹಿಸಿದರು. “ಇವ್ರು ನಮ್ಮನ್ನ ಒಳಗೆ ಕರೀತಿದಾರೋ, ಆಚೆ ಹಾಕ್ತಿದಾರೋ?” ಎಂದು ಅಮ್ಮ ಕೇಳಿದರು.

ಕೊನೆಗೂ ಮೇಜು ಮುಟ್ಟಿದೆವು. ಹೆಂಗಸರು ಮೊದಲು ಎಂದು ಕಾರ್ಲ್ಟನ್ ದೊಡ್ಡಸ್ತಿಕೆ ತೋರಿದ್ದರಿಂದ ನಾನೇ ಮೊದಲು, ಇವನನ್ನು ಗಂಡನೆಂದು ಸ್ವೀಕರಿಸುತ್ತೇನೆ ಎಂಬ ಮಾತನ್ನು ಹೇಳಿದೆ. ಹೇಳಿ ಮುಗಿಸುವ ಮೊದಲೇ ಧಡ್ ಎಂದು ಮೇಜು ಸದ್ದಾಯಿತು. ಬಡಿದ ಕೈ ವರಮಹಾಶಯನದು. ಅವನು ಬಡಿದ ಮೇಲೆ ಉಳಿದವರು ಸುಮ್ಮನಿರುತ್ತಾರೆಯೇ? ಆ ಗದ್ದಲದಲ್ಲಿ ಮಾತು ಸಾಕ್ಷಿಗಳಿಗೆ ಕೇಳಿಸಲಿಲ್ಲವೆಂದು ಶ್ರೀಮತಿ ಹಾರ್ಡ್‌ವಿಕ್ ಇನ್ನೊಮ್ಮೆ ಹೇಳಿಸಿದರು. ಹೇಳಿದೆ. ಧಡ್! “ಏನಾಗಿದೆಯೋ ನಿಂಗೆ?” ಎಂದು ಪಿಸುಗುಟ್ಟಿದರೆ, “ಗೊತ್ತಿಲ್ಲ ಕಣೇ, ಕೈ ತಾನಾಗೇ ಎದ್ಬಿಡ್ತು. ಅಷ್ಟು ಚೆನ್ನಾಗ್ ಹೇಳ್ದೆ ನೀನು” ಎಂದು ಕಣ್ಣು ಒರೆಸಿಕೊಂಡ. ನನಗೆ ಅವನನ್ನು ತಬ್ಬಿಕೊಳ್ಳಬೇಕೆಂದೂ ಅನ್ನಿಸಿತು, ಅಮ್ಮನ ಕೋಲು ಕಿತ್ತುಕೊಂಡು ನಾಲ್ಕು ಬಾರಿಸಬೇಕೆಂದೂ ಅನ್ನಿಸಿತು. ಹೀಗೆ ನಡೆಯುತ್ತಿದ್ದಾಗಲೇ ನಮಗೆ ಕೊಟ್ಟಿದ್ದ ಸಮಯ ಮುಗಿದು, ಮುಂದಿನ ಜೋಡಿ ಬಾಗಿಲಲ್ಲಿ ಬಂದು ನಿಂತಿತು. ಗಮನಿಸಬೇಕು, ಮಾನ್ಯರೇ: ನಾನು ಅವನಿಗೆ ಮತ್ತೆ ಮತ್ತೆ ಹೆಂಡತಿಯಾದೆ, ಅವನು ನನಗೆ ಒಮ್ಮೆಯೂ ಗಂಡನಾಗಲಿಲ್ಲ.

ಹೊರಗೆ ಗ್ಲೆನ್ ನನ್ನ ಕೈ ಕುಲುಕಿ, “ಇಷ್ಟೊಂದ್ ರಿವೈಂಡ್ ಬಿದ್ದಿದ್ ಮದ್ವೆ ಈ ಊರಲ್ಲೇ ಆಗಿಲ್ಲ ಇವೆಟ್, ನೀನು ಪುಣ್ಯವಂತೆ” ಎಂದ. ಮದುವೆ ಊಟಕ್ಕೆಂದು ಮಾಡಿದ್ದ ಮೇಕೆ ಮಾಂಸದ ಸಾರನ್ನು ಎಲ್ಲರೂ ಸೇರಿ ಖಾಲಿ ಮಾಡಿದರು. ರಮ್ಮಿನಲ್ಲಿ ಹಣ್ಣು ನೆನೆಸಿ ಮಾಡಿದ ಮದುವೆಯ ಕಪ್ಪು ಕೇಕಿನ ಮುಂದೆ ಮಾತ್ರ ಅಮ್ಮ ಕೋಲು ಅಡ್ಡ ಹಿಡಿದು ಕೂತರು. “ಮದ್ವೆ ಆಗ್ದೆ ಯಾವನಾದ್ರೂ ಇದನ್ ಮುಟ್ಟಿ ನೋಡ್ಲಿ!” ಭಾನುವಾರ ಹೊರಡಬೇಕಿದ್ದ ಅವರು, “ಎಲ್ರೂ ಎಲ್ಲಾನೂ ಹಿಂದಕ್ಕೆ ಎಳೀತಿದೀರಲ್ಲ, ನನ್ನ ವಿಮಾನಾನೂ ಎಳೀರಿ” ಎಂದು ಟಿಕೆಟ್ಟನ್ನು ಶುಕ್ರವಾರಕ್ಕೆ ಹಾಕಿಸಿಕೊಂಡಿದ್ದಾರೆ. ಅದಕ್ಕಿಂತ ಮುಂದೆ ಹಾಕಲು ಆಗುವುದಿಲ್ಲವಂತೆ. ಕಚೇರಿಯಲ್ಲಿ ನಮಗೆ ಮತ್ತೆ ಸಿಕ್ಕಿರುವ ಸಮಯ ಗುರುವಾರ ಬೆಳಿಗ್ಗೆ. ಅಮ್ಮನಿಗೆ ವಯಸ್ಸಾಗಿದೆ, ಇನ್ನೊಂದು ಸಲ ಇಷ್ಟು ದೂರ ಬರುವ ಶಕ್ತಿ ಅವರಿಗಿಲ್ಲ. ಮಗಳ ಮದುವೆಯನ್ನು ಕಣ್ಣಾರೆ ಕಂಡು ಹೋಗಲೆಂಬುದೊಂದೇ ನನ್ನ ಆಸೆ.

ನಾನು ಈ ಊರಿನ ಬಸ್ಸು ಓಡಿಸುವವಳು. ಒಂದು ನಿಲ್ದಾಣ ಬಲು ಚೆನ್ನಾಗಿತ್ತೆಂದು ಪ್ರಯಾಣಿಕರು ಸೀಟು ಬಡಿದರೂ ನಾನು ಹಿಂದಕ್ಕೆ ಹೋಗುವುದಿಲ್ಲ. ಆದಕಾರಣ ತಾವು ದಯಮಾಡಿ ಬುಧವಾರ ನನ್ನ ಬಸ್ಸಿನ ಮುಂದಿನ ಸೀಟಿನಲ್ಲಿ ಕೂತು, ಮುಂದಕ್ಕೆ ಹೋಗುವುದು ಎಂದರೇನೆಂದು ದಿನವಿಡೀ ಅಭ್ಯಾಸ ಮಾಡಬೇಕು. ಕಾರ್ಲ್ಟನ್‌ನ ಹಾಡಿನಲ್ಲಿ ಬೇಸು ಇಳಿಯುವ ಜಾಗವನ್ನು ಗುರುವಾರದ ಮಟ್ಟಿಗೆ ಚೆನ್ನಾಗಿಲ್ಲದಂತೆ ಮಾಡಿಕೊಂಡರೆ ಇನ್ನೂ ಉತ್ತಮ. ಅದು ತಮ್ಮ ಘನತೆಗೆ ಕುಂದೆನಿಸಿದರೆ ಒಂದು ದಿನದ ಮಟ್ಟಿಗೆ ಅಡುಗೆ ಪುಸ್ತಕವಾಗಿ ಬದಲಾಗಬಹುದು. ಅದೂ ಆಗದಿದ್ದರೆ, ಮದುವೆ ಮುಗಿಯುವವರೆಗೆ ಬೀರುವಿನಲ್ಲಿ ನನ್ನ ಚಳಿಗಾಲದ ಕೋಟುಗಳ ನಡುವೆ ಬಾಯಿ ಮುಚ್ಚಿಕೊಂಡು ಇರುವ ಕೃಪೆ ಮಾಡಬೇಕು. ಬೀಗ ನಾನೇ ಹಾಕುತ್ತೇನೆ, ತಾವು ಶ್ರಮ ತೆಗೆದುಕೊಳ್ಳಬೇಡಿ.

ಇನ್ನೂ ಹೆಂಡತಿಯಾಗದ, ಆದರೂ ತಮ್ಮ ಧೂಳು ಒರೆಸುವ,
ತಮ್ಮ ವಿಶ್ವಾಸಿ,
ಇವೆಟ್ ಲಿಂಡೋ

ಕೊನೆಯ ಮಾತು: ಇದನ್ನು ಗುರುವಾರ ಮಧ್ಯಾಹ್ನ ಸೇರಿಸುತ್ತಿದ್ದೇನೆ. ತಾವು ಬೀರುವಿನಲ್ಲಿದ್ದಿರಿ, ನಾನು ಹಾಡಿಲ್ಲದೆಯೇ ಕಚೇರಿಯೊಳಕ್ಕೆ ನಡೆದು ಬಂದೆ. ಗೆಳೆಯರೆಲ್ಲ ಅಮ್ಮನ ಅಪ್ಪಣೆಯಂತೆ ತಮ್ಮ ತಮ್ಮ ಕೈಗಳ ಮೇಲೆಯೇ ಕೂತಿದ್ದರು. ನಾನು ನನ್ನ ಮಾತು ಹೇಳಿದೆ, ಯಾರೂ ಮಿಸುಕಲಿಲ್ಲ. ಆಮೇಲೆ ಕಾರ್ಲ್ಟನ್ ಗಂಟಲು ಸರಿಮಾಡಿಕೊಂಡು, ನನ್ನನ್ನೇ ನೋಡುತ್ತ, ಇಷ್ಟು ವರ್ಷ ಹೇಳದೆ ಉಳಿಸಿಕೊಂಡಿದ್ದ ಆ ಒಂದು ವಾಕ್ಯವನ್ನು ಹೇಳಿದ. ಧಡ್ ಎಂದು ಮೇಜು ಸದ್ದಾಯಿತು. ಎಲ್ಲರೂ ಗ್ಲೆನ್‌ನನ್ನು ನೋಡಿದರು. ಬಡಿದ ಕೈ ನನ್ನದು. “ಕಾನೂನಿಗೆ ಒಂದ್ಸಲ ಹೇಳಿದ್ರೆ ಸಾಕಮ್ಮ, ನಿಮ್ಮ ಮದ್ವೆ ಆಗ್ಹೋಯ್ತು” ಎಂದರು ಶ್ರೀಮತಿ ಹಾರ್ಡ್‌ವಿಕ್. “ಕಾನೂನಿಗೆ ಸಾಕು, ನಂಗೆ ಸಾಲ್ದು” ಎಂದೆ. ಅವನು ಮತ್ತೆ ಹೇಳಿದ. ಅಮ್ಮ ಕೇಕು ಕತ್ತರಿಸಿಯಾಯಿತು. ಇದೆಲ್ಲ ನಡೆಯುವಾಗ ತಾವು ನನ್ನ ಕೋಟುಗಳ ನಡುವೆ ಇದ್ದಿರಾದ್ದರಿಂದ, ಇದರ ಹೆಮ್ಮೆಯಲ್ಲಿ ಪಾಲು ಕೇಳಲು ಬರಬೇಡಿ.