ಕಂಪನಿಯವ್ರು ಬರ್ತಾರ, ತಡೀರಿ

ಚಿಕ್ಕೋಡಿಯಲ್ಲಿ ಪಂಪಿನ ಮೆಕ್ಯಾನಿಕನಾಗಿ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಿಲ್ಲ. ನಗುವೇ ಸೈಕಲ್ ಹತ್ತಿ ಅಂಗಡಿಗೆ ಬರುತ್ತದೆ.

ಎಂಬತ್ತರ ದಶಕದಲ್ಲಿ ನಾನು ನೀರೆತ್ತುವ ಪಂಪಿನ ಕಾರ್ಖಾನೆಯೊಂದರ ನೌಕರ; ಅದರ ಚಿಕ್ಕೋಡಿಯ ರಿಪೇರಿ ಅಂಗಡಿ ನನ್ನ ಕೈಯಲ್ಲಿತ್ತು. ರೈತರು ನನ್ನ ಹೆಸರು ಮರೆತು ‘ಕಂಪನಿಯವ್ರು’ ಎಂದೇ ಕರೆಯುತ್ತಿದ್ದರು. ಮುಂದೆ ಮಾಲೀಕರು ಮಾರಾಟ, ರಿಪೇರಿ ಎರಡನ್ನೂ ಮುಂಬಯಿಯ ಏಜೆನ್ಸಿಗೆ ಒಪ್ಪಿಸಿದರು. ಪಂಪಿನ ಜೊತೆ ನನ್ನನ್ನೂ ಒಪ್ಪಿಸಿದರು. ‘ನಾನೀಗ ಕಂಪನಿಯವನಲ್ಲ’ ಎಂದರೆ ಮಾತ್ರ ಯಾರೂ ನಂಬಲಿಲ್ಲ.

೧. ಸೋದರತ್ತೆ

ಅಥಣಿಗೆ ಏಜೆನ್ಸಿಯ ವ್ಯಾನು ಬಂತು. ಟೈ ಕಟ್ಟಿದವನೊಬ್ಬ ಮೈಕು ಹಿಡಿದು, “ಈ ಪಂಪು ನಾವೇ ಮಾಡಿದ್ದು, ನಾವೇ ಕಂಪನಿ” ಎಂದ.

ದ್ರಾಕ್ಷಿ ತೋಟದ ಯಜಮಾನರೊಬ್ಬರು ಎದ್ದು, “ಚಾಲೂ ಮಾಡೂ ಮೊದಲ ಇದರಾಗ ನೀರು ಎಲ್ಲಿ ಹಾಕಬೇಕ್ರಿ?” ಎಂದರು. ಗೊತ್ತಿದ್ದೇ ಕೇಳಿದ್ದು.

ಟೈ ಸಾಹೇಬ ಪಂಪನ್ನು ಒಂದು ಸುತ್ತು ಹಾಕಿ, ಗ್ರೀಸ್ ತುಂಬುವ ಬಟ್ಟಲು ತೋರಿಸಿದ.

ಯಜಮಾನರು ಜನರ ಕಡೆ ತಿರುಗಿದರು. “ಇಂವಾ ಹಡದಾಕಿ ಅಲ್ರೆಪಾ, ಹೆಸರಿಡಾಕ ಬಂದ ಸೋದರತ್ತಿ!”

೨. ಹೋ ಹೋ

ಏಜೆನ್ಸಿಯ ಹೊಸ ರಿಪೇರಿಯವನು ಬೆಂಗಳೂರು ಕಡೆಯವ. ಅವನನ್ನು ಅಕ್ಕೋಳಕ್ಕೆ ಕಳಿಸಿದರು. ನಿಪ್ಪಾಣಿ ಸೀಮೆಯಲ್ಲಿ ಕನ್ನಡ ಆಡುವವರೂ ‘ಹೌದು’ ಎನ್ನುವಲ್ಲಿ ಮರಾಠಿಯ ‘ಹೋ’ ಅಂದುಬಿಡುತ್ತಾರೆ. ಪಾಪ, ಅವನಿಗೇನು ಗೊತ್ತು?

“ಒಳಗೆ ಬರಬಹುದಾ?” ಎಂದು ಕೇಳಿದ. ಕಟ್ಟೆಯ ಮೇಲೆ ಕೂತಿದ್ದ ಮನೆಯ ಮುದುಕರೊಬ್ಬರು “ಹೋ” ಎಂದರು. ‘ಹೋಗು’ ಅಂದರೆಂದುಕೊಂಡು ಎರಡು ಹೆಜ್ಜೆ ಹಿಂದೆ ಸರಿದು, “ಪಂಪು ನೋಡಲಾ?” ಎಂದ. ಮುದುಕರು ಖುಷಿಯಿಂದ ಕೈ ಬೀಸಿ “ಹೋ ಹೋ!” ಎಂದರು. ಅವನು ನೇರ ಬಸ್ಸು ಹತ್ತಿದ. ‘ಗ್ರಾಹಕರು ಎರಡು ಸಲ ಹೊರಹಾಕಿದರು’ ಎಂದು ವರದಿ ಬರೆದ.

ಮರುದಿನ ಆ ಮುದುಕರು ನನ್ನ ಅಂಗಡಿಗೇ ಬಂದರು. “ಎಂಥಾವನ್ನ ಕಳಿಸೀರಿ? ನಾ ಕರದಷ್ಟೂ ಹಿಂದಕ ಸರದಾನ. ತಲಿ ನೆಟ್ಟಗ ಐತೋ ಇಲ್ಲೋ?”

೩. ತೃಪ್ತಿ

ಅದೇ ಮನುಷ್ಯ ಮುಂದೆ ಯಡೂರಿಗೆ ಹೋದ. ಪಂಪು ಬಿಚ್ಚಿ ನೋಡಿ, ಬೇಕಾದ ಸಾಮಾನು ತಂದಿಲ್ಲ ಎಂದ. ಮನೆಯ ಅಜ್ಜಿ, ಬಿಸಿಲಲ್ಲಿ ಬಂದಾನ ಎಂದು ಬಿಸಿ ರೊಟ್ಟಿ, ಎಣ್ಣೆಗಾಯಿ, ಗಟ್ಟಿ ಮೊಸರು ಬಡಿಸಿದರು. ಕೈ ತೊಳೆದವನು ಏಜೆನ್ಸಿಯ ಚೀಟಿ ಚಾಚಿದ. “ತೃಪ್ತಿಯಾಗಿದೆ ಅಂತ ಇಲ್ಲಿ ಸಹಿ ಹಾಕಿ ಅಜ್ಜಿ.”

“ಉಂಡಾವ ನೀನು. ತೃಪ್ತಿ ಆಗಿದ್ರ ನೀನ ಸಹಿ ಮಾಡೋ ಯಪ್ಪಾ.”

ಮಾಡಿದ! ಮುಂಬಯಿಯಲ್ಲಿ ಆ ಪಂಪು ‘ದುರಸ್ತಿ ಪೂರ್ಣ’ ಎಂದಾಯಿತು. ಯಡೂರಿನಲ್ಲಿ ತುಂಬಿದ್ದು ಅವನ ಹೊಟ್ಟೆ ಮಾತ್ರ.

೪. ಬಾಜೂಕ ನಿಂದರ್ರಿ

ಚಿಕ್ಕೋಡಿ ಕಡೆಯಿಂದ ದೂರುಗಳೇ ಬರುವುದಿಲ್ಲವಲ್ಲ ಎಂದು ಏಜೆನ್ಸಿಗೆ ಅನುಮಾನ. ಬರುವುದಾದರೂ ಹೇಗೆ? ಜನ ಅವರ ಫಾರ್ಮು ತುಂಬದೆ ನನ್ನ ಬಾಗಿಲಿಗೇ ಬರುತ್ತಿದ್ದರು. ‘ಇವನಿಗೆ ಕೆಲಸವೇ ಇಲ್ಲ, ತೆಗೆಯಲು ಒಪ್ಪಿಗೆ ಕೊಡಿ’ ಎಂದು ಏಜೆನ್ಸಿಯವರು ತಮ್ಮ ಗುಲಾಬಿ ಬಣ್ಣದ ಕಾಗದದಲ್ಲಿ ಮಾಲೀಕರಿಗೆ ಬರೆದರು. ನನಗೂ ಒಂದು ಪ್ರತಿ ಬಂತು. ಓದಿ ನನಗೆ ಅನ್ನ ಸೇರಲಿಲ್ಲ. ಬೇರೆ ವಿದ್ಯೆ ನನಗೆ ಬರುವುದಿಲ್ಲ.

ಮಾಲೀಕರು ಕೈಯಾರೆ ಮೊದಲ ಪಂಪು ಮಾಡಿದ ಹಳೆಯ ಮನುಷ್ಯ. ಕಣ್ಣಾರೆ ನೋಡೋಣವೆಂದು ಯಾರಿಗೂ ಹೇಳದೆ ಶಿರಗುಪ್ಪಿಯ ಒಂದು ಕಬ್ಬಿನ ತೋಟಕ್ಕೆ ಹೋದರು. ಅಲ್ಲಿ ನಮ್ಮ ಪಂಪು ನೀರೆತ್ತದೆ ನಿಂತಿತ್ತು. ರೈತ ನನಗೆ ಹೇಳಿ ಕಳಿಸಿ ಬಾವಿಕಟ್ಟೆಯ ಮೇಲೆ ಕಾಯುತ್ತಿದ್ದ. ಅಲ್ಲಿ ನಡೆದದ್ದನ್ನು ಆಮೇಲೆ ಮಾಲೀಕರೇ ನನಗೆ ಹೇಳಿದರು.

ಅವರು ತೋಳೇರಿಸಿ ಬಗ್ಗಿದ್ದೇ ತಡ, ರೈತ ಕೂಗಿದ. “ಏ, ಕೈ ಹಚ್ಚಬ್ಯಾಡ್ರಿ! ಕಂಪನಿಯವ್ರು ಬರ್ತಾರ, ತಡೀರಿ.”

“ಈ ಪಂಪು ಮಾಡಿದಾವ ನಾನ ರೀ.”

“ಅಥಣ್ಯಾಗ ಮೈಕ ಹಿಡದಾವನೂ ಹಂಗ ಅಂದಿದ್ದ. ಕುಂದರ್ರಿ, ಚಹಾ ಕುಡೀರಿ.”

ನಾನು ಸೈಕಲ್ ತುಳಿದುಕೊಂಡು ಹೋದಾಗ ಮಾಲೀಕರು ಬಸಿಯಲ್ಲಿ ಎರಡನೆಯ ಚಹಾ ಆರಿಸುತ್ತಿದ್ದರು. ಸೈಕಲ್ ಅಲ್ಲೇ ಕೆಡವಿ ಓಡಿದೆ. ನಮಸ್ಕಾರ ಮಾಡಲು ಹೋದರೆ ಕಣ್ಣಲ್ಲೇ ಸುಮ್ಮನಿರು ಎಂದು, ನಟ್ಟು ಬಿಚ್ಚುವ ಪಾನಾಕ್ಕೆ ಕೈ ಚಾಚಿದರು. ಕೊಟ್ಟೆ.

ರೈತ ಗಾಬರಿಯಾದ. “ಇವರ ಕೈಯಾಗ ಕೊಟ್ರೇನು? ಹಂಗಾರ ನೀವು ಬಾಜೂಕ ನಿಂದರ್ರಿ ಮತ್ತ!”

ನಿಂತೆ. ಮಾಲೀಕರು ಪಂಪಿನೊಳಗೆ ಗಾಳಿ ಹೋಗದಂತೆ ಸುತ್ತಿದ್ದ ಸವೆದ ದೋರಿ ಕಿತ್ತು, ಹೊಸದು ಸುತ್ತಿ ಬಿಗಿದು, ಪಂಪಿಗೆ ನೀರು ಹಾಕಿದರು. ಬಟನ್ ಒತ್ತಿದ್ದೇ ತಡ, ನೀರು ಧುಮುಕಿತು. ಅವರು ಜೇಬಿನಿಂದ ಏಜೆನ್ಸಿಯ ಆ ಗುಲಾಬಿ ಕಾಗದ ತೆಗೆದು ಕೈಯ ಗ್ರೀಸನ್ನೆಲ್ಲ ಒರೆಸಿ, ಉಂಡೆ ಮಾಡಿ ಎಸೆದರು. ನಾನು ಆ ಕಾಗದ ನೋಡಿದೆ, ಅವರು ನನ್ನ ಮುಖ ನೋಡಿದರು. ಇವತ್ತು ಅನ್ನ ಸೇರುತ್ತದೆ ಅನ್ನಿಸಿತು.

ಅಷ್ಟರಲ್ಲಿ ರೈತ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದ. ಪಿಸುಮಾತೆಂದು ಅವನು ಅಂದುಕೊಂಡದ್ದು ಅರ್ಧ ತೋಟಕ್ಕೆ ಕೇಳಿಸಿತು.

“ಮುದುಕನ ಕೈ ಚಲೋ ಐತ್ರಿ. ನಾಕ ದಿನ ನಿಮ್ಮ ಹಂತೇಕ ಇಟಗೊಂಡು ಕಲಸ್ರಿ, ಆಮ್ಯಾಲ ಕಂಪನಿಯಾಗ ಹಚ್ಚಿಕೊಳ್ರಿ!”